ನೂರರಲ್ಲಿ ಒಂದಂಶದ ಎಸ್ 90: ಕಾಗದದಲ್ಲಿ ಟಾರ್ಪೆಡೊ ದೋಣಿ ಕಟ್ಟಿದ ನನ್ನ ಅನುಭವ

ಕಳೆದ ಸೆಪ್ಟೆಂಬರ್‌ನ ಒಂದು ಭಾನುವಾರ ಬೆಳಿಗ್ಗೆ ನನ್ನ ಎಸ್ 90, ಅಂದರೆ ನೀರಿನಡಿ ಓಡುವ ಸಿಡಿಗುಂಡು (ಟಾರ್ಪೆಡೊ) ಬಿಡುತ್ತಿದ್ದ ಹಳೆಯ ಜರ್ಮನ್ ಯುದ್ಧದೋಣಿಯೊಂದರ ಕಾಗದದ ಮಾಡೆಲ್, ಹತ್ತು ಮೀಟರ್ ನೀರನ್ನು ಏಳು ಸೆಕೆಂಡು ಚಿಲ್ಲರೆಯಲ್ಲಿ ದಾಟಿತು. ದಡದಲ್ಲಿ ಸ್ಟಾಪ್‌ವಾಚ್ ಹಿಡಿದಿದ್ದವರು ನಮ್ಮ ಕ್ಲಬ್ಬಿನ ಹಿರಿಯರು. ಮೂರು ವರ್ಷದಿಂದ "ಈ ಅಳತೆಯಲ್ಲಿ ಇದು ಆಗುವ ಕೆಲಸ ಅಲ್ಲ" ಅಂತ ಹೇಳುತ್ತಾ ಬಂದಿದ್ದವರು ಅವರೇ. ವಾಚ್ ನೋಡಿದರು. ದೋಣಿ ನೋಡಿದರು. "ಇನ್ನೊಂದು ಸಲ ಓಡಿಸಿ" ಎಂದರು. ಓಡಿಸಿದೆ. ಮತ್ತೆ ಅಷ್ಟೇ ಬಂತು. ಇದನ್ನು ಬರೆದಿಡಬೇಕು ಅಂತ ಅವತ್ತೇ ಅನ್ನಿಸಿತು.

ನಾನಿರುವುದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ಹೊಟ್ಟೆಪಾಡಿನ ಕೆಲಸ ಬೇರೆ, ಹುಚ್ಚು ಮಾತ್ರ ಹಡಗಿನ ಮಾಡೆಲ್‌ಗಳದ್ದು. ಇದನ್ನು ಓದುವವರಿಗೆ ರೇಡಿಯೊ ಕಂಟ್ರೋಲ್, ಎಪಾಕ್ಸಿ, ಲಿಥಿಯಂ ಸೆಲ್ ಎಲ್ಲ ಗೊತ್ತಿದೆ ಎಂದುಕೊಂಡೇ ಬರೆಯುತ್ತಿದ್ದೇನೆ. ಸರ್ವೋ (ಚುಕ್ಕಾಣಿ ತಿರುಗಿಸುವ ಪುಟ್ಟ ಮೋಟಾರು) ಕೂರಿಸುವುದು ಹೇಗೆ ಅಂತೆಲ್ಲ ಹೇಳಲು ಹೋಗುವುದಿಲ್ಲ. ಲೆಕ್ಕಗಳೆಲ್ಲ ನೆನಪಿನಿಂದ ಬರೆದವು. ಐದು ಗ್ರಾಂ, ಹತ್ತು ಯೂರೋ ಆಚೀಚೆ ಇರಬಹುದು.

ಮೊದಲು ಅಸಲಿ ದೋಣಿಯ ಬಗ್ಗೆ ಸ್ವಲ್ಪ. 1884ರ ಹೊತ್ತಿಗೆ ಜರ್ಮನ್ ನೌಕಾಪಡೆ ಹಲವು ಕಾರ್ಖಾನೆಗಳಿಂದ ಟಾರ್ಪೆಡೊ ದೋಣಿ ತರಿಸಿ ಒಂದಕ್ಕೊಂದು ಹೋಲಿಸಿ ನೋಡಿತು. ಕಟ್ಟಿದ ಕಾರ್ಖಾನೆಯ ಮೊದಲ ಅಕ್ಷರವೇ ದೋಣಿಯ ಹೆಸರು. ಡಬ್ಲ್ಯು ಎಂದರೆ ಬ್ರೆಮೆನ್‌ನ ವೇಸರ್, ವಿ ಎಂದರೆ ಸ್ಟೆಟಿನ್‌ನ ವುಲ್ಕಾನ್, ಎಸ್ ಎಂದರೆ ಎಲ್ಬಿಂಗ್‌ನ ಶಿಖಾವ್. ಗೆದ್ದಿದ್ದು ಶಿಖಾವ್. ಆಮೇಲೆ ಹದಿನೈದು ವರ್ಷ ಹೆಚ್ಚುಕಡಿಮೆ ಎಲ್ಲ ದೋಣಿಗಳೂ ಅಲ್ಲಿಂದಲೇ ಬಂದವು. ಆ ಎಲ್ಬಿಂಗ್ ಈಗ ಪೋಲೆಂಡಿಗೆ ಸೇರಿದೆ, ಹೆಸರು ಎಲ್ಬ್ಲಾಂಗ್.

ಮೊದಮೊದಲಿನ ದೋಣಿಗಳು ಚಿಕ್ಕವು. ದೊಡ್ಡ ಅಲೆಗೆ ತಡೆಯುತ್ತಿರಲಿಲ್ಲ. 1897ರ ಸೆಪ್ಟೆಂಬರ್‌ನಲ್ಲಿ ಎಸ್ 26 ಇಲ್ಲೇ ನಮ್ಮ ಎಲ್ಬೆ ನದಿ ಸಮುದ್ರ ಸೇರುವ ಕಡೆ, ಕುಕ್ಸ್‌ಹಾಫೆನ್ ಹತ್ತಿರ ಮುಳುಗಿತು. ಅದರ ಕಮಾಂಡರ್ ಮೆಕ್ಲೆನ್‌ಬರ್ಗ್ ರಾಜಮನೆತನದ ಹುಡುಗ, ಫ್ರೀಡ್ರಿಖ್ ವಿಲ್ಹೆಲ್ಮ್. ಅವನೂ ನಾವಿಕರ ಜೊತೆ ನೀರುಪಾಲಾದ. ಕುಕ್ಸ್‌ಹಾಫೆನ್‌ನಲ್ಲಿ ಗಾಳಿ ಜೋರಾಗಿದ್ದ ದಿನ ದಡದಲ್ಲಿ ನಿಂತು ಆ ನೀರು ನೋಡಿದ್ದೇನೆ. ಅಂಥ ಸಣ್ಣ ದೋಣಿಯಲ್ಲಿ ಅಲ್ಲಿ ಇಳಿಯುವುದಿರಲಿ, ನೆನೆಸಿಕೊಂಡರೇ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಎಸ್ 90 ಬಂದಾಗ ಲೆಕ್ಕವೇ ಬದಲಾಯಿತು. 1899ರ ಜುಲೈಯಲ್ಲಿ ನೀರಿಗಿಳಿದ ದೋಣಿ ಇದು. 63 ಮೀಟರ್ ಉದ್ದ, 7 ಮೀಟರ್ ಅಗಲ. ಸಾಮಾನ್ಯ ತೂಕ 310 ಟನ್, ಕಲ್ಲಿದ್ದಲು ಎಲ್ಲ ತುಂಬಿದರೆ 394 ಟನ್. ಒಂದೇ ಹಬೆಯನ್ನು ಮೂರು ಹಂತದಲ್ಲಿ ಬಳಸುವ ಎರಡು ಟ್ರಿಪಲ್ ಎಕ್ಸ್‌ಪಾನ್ಷನ್ ಸ್ಟೀಮ್ ಎಂಜಿನ್, ಸುಮಾರು 5900 ಹಾರ್ಸ್‌ಪವರ್, 26-27 ನಾಟ್ ವೇಗ, ಅಂದರೆ ಗಂಟೆಗೆ ಐವತ್ತು ಕಿಲೋಮೀಟರ್ ಹತ್ತಿರ. ಐದು ಸೆಂಟಿಮೀಟರ್‌ನ ಮೂರು ತೋಪು, 45 ಸೆಂಟಿಮೀಟರ್‌ನ ಮೂರು ಟಾರ್ಪೆಡೊ ಕೊಳವೆ. ಮುಂಭಾಗ ಆಮೆಯ ಬೆನ್ನಿನ ಹಾಗೆ ಗುಂಡಗೆ. ಅದರ ಹಿಂದೆ ತಟ್ಟನೆ ಒಂದು ತಗ್ಗು, ಆ ತಗ್ಗಿನಲ್ಲಿ ಒಂದು ಟಾರ್ಪೆಡೊ ಕೊಳವೆ, ಅದಾದ ಮೇಲೆ ಬ್ರಿಡ್ಜ್, ಅಂದರೆ ದೋಣಿ ನಡೆಸುವವರು ನಿಲ್ಲುವ ಜಾಗ. ಈ ತಗ್ಗು ನೋಡಿದರೆ ಸಾಕು, ದೂರದಿಂದಲೇ ಜರ್ಮನ್ ದೋಣಿ ಅಂತ ಗುರುತು ಸಿಗುತ್ತದೆ. ಇದೇ ಸಾಲಿನ ಎಸ್ 97 ಸ್ಲೈಪ್ನರ್ ಎಂಬ ಹೆಸರಲ್ಲಿ ಕೈಸರ್‌ನ, ಅಂದರೆ ಜರ್ಮನ್ ಚಕ್ರವರ್ತಿಯ ಸೇವೆಗೆ ಹೋಯಿತು. ಎಸ್ 90 ಚೀನಾದಲ್ಲಿ ಆಗ ಜರ್ಮನರ ಕೈಯಲ್ಲಿದ್ದ ತ್ಸಿಂಗ್‌ಟಾವ್ ಬಂದರಿಗೆ ಹೋಯಿತು. 1914ರ ಅಕ್ಟೋಬರ್ 17ರ ರಾತ್ರಿ ಅಲ್ಲಿನ ಮುತ್ತಿಗೆ ದಾಟಿ ಹೊರಬಂದು ಜಪಾನಿನ ತಕಚಿಹೊ ಎಂಬ ಕ್ರೂಸರ್ ಯುದ್ಧನೌಕೆಯನ್ನು ಮುಳುಗಿಸಿತು. ಆಗ ದೋಣಿಗೆ ಹದಿನೈದು ವರ್ಷ, ಆ ಕಾಲದ ಲೆಕ್ಕದಲ್ಲಿ ಮುದಿ ದೋಣಿ. ವಾಪಸ್ ಬರಲು ದಾರಿ ಇಲ್ಲದೆ ಚೀನಾದ ದಡಕ್ಕೆ ಹತ್ತಿಸಿ ನಾವಿಕರೇ ಅದನ್ನು ಒಡೆದುಹಾಕಿದರು. ಈ ಕಥೆ ಓದಿದ ಮೇಲೆ ಬೇರೆ ದೋಣಿ ಮಾಡುವ ಮನಸ್ಸೇ ಬರಲಿಲ್ಲ.

ಈಗ ತಲೆನೋವಿನ ವಿಷಯಕ್ಕೆ ಬರೋಣ. ನಮ್ಮಲ್ಲಿ ಟಾರ್ಪೆಡೊ ದೋಣಿ ಮಾಡುವವರು ಸಾಮಾನ್ಯವಾಗಿ 1:50, ಅಂದರೆ ಅಸಲಿಯ ಐವತ್ತರಲ್ಲಿ ಒಂದರ ಅಳತೆ ಹಿಡಿಯುತ್ತಾರೆ. ಆಗ ಉದ್ದ 126 ಸೆಂಟಿಮೀಟರ್, ತೂಕ ಎರಡೂವರೆಯಿಂದ ಮೂರು ಕಿಲೋ. ಆರಾಮು. ನನ್ನದು ಮೂರನೇ ಮಹಡಿಯ ಮನೆ, ಲಿಫ್ಟ್ ಇಲ್ಲ, ಕಾರೂ ಇಲ್ಲ. ಕೊಳಕ್ಕೆ ಹೋಗುವುದು ಟ್ರೈನಿನಲ್ಲಿ. ಹಾಗಾಗಿ 1:100 ಬೇಕಿತ್ತು. ಉದ್ದ 63 ಸೆಂಟಿಮೀಟರ್, ಅಗಲ 7. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಉದ್ದ, ಅಗಲ, ಎತ್ತರ ಮೂರೂ ನೂರರಲ್ಲಿ ಒಂದಾದರೆ ತೂಕ ಹತ್ತು ಲಕ್ಷದಲ್ಲಿ ಒಂದಾಗುತ್ತದೆ. 310 ಟನ್ ಹೋಗಿ 310 ಗ್ರಾಂ. ತುಂಬಿದ ದೋಣಿ ಎಂದುಕೊಂಡರೂ 394 ಗ್ರಾಂ. ಮೋಟಾರು, ಬ್ಯಾಟರಿ, ರಿಸೀವರ್, ದೋಣಿ ವಾಲದಿರಲು ತಳಕ್ಕೆ ಹಾಕುವ ಸೀಸ, ಬಣ್ಣ ಎಲ್ಲ ಅದರೊಳಗೇ ಬರಬೇಕು. ಜಾಸ್ತಿಯಾದರೆ ದೋಣಿ ನೀರಿನಲ್ಲಿ ತಗ್ಗಿ ಕೂರುತ್ತದೆ. ಇಂಥ ಸಪೂರ ದೋಣಿ ಅರ್ಧ ಸೆಂಟಿಮೀಟರ್ ತಗ್ಗಿದರೂ ನೋಡಲು ಕೆಡುತ್ತದೆ, ಅಲೆಗೂ ಕೆಡುತ್ತದೆ.

ನಕ್ಷೆಗೆ ಫ್ರೈಬರ್ಗ್‌ನ ಮಿಲಿಟರಿ ದಾಖಲೆ ಭಂಡಾರ ಇದೆ. ಹಳೆಯ ನೌಕಾಪಡೆಯ ಹಾಳೆಗಳು ಅಲ್ಲಿವೆ. ಸ್ಕ್ಯಾನ್, ಪ್ರಿಂಟ್, ಒಂದು ಸಲದ ಪ್ರಯಾಣ ಎಲ್ಲ ಸೇರಿ ಸುಮಾರು ನೂರೈವತ್ತು ಯೂರೋ ಆಯಿತು. ಆ ದುಡ್ಡು ಕೊಟ್ಟಿದ್ದಕ್ಕೆ ನನಗೆ ಒಂದು ಚೂರೂ ಬೇಸರ ಇಲ್ಲ. ಇನ್ಯಾರೋ ಬಿಡಿಸಿದ ನಕ್ಷೆ ನಂಬಿ ಅಚ್ಚು ಕೆತ್ತಬೇಡಿ. ಅದರಲ್ಲಿ ಹಿಂಭಾಗದ ಆಕಾರವನ್ನು ಬಹಳ ಜನ ತಪ್ಪು ಮಾಡಿರುತ್ತಾರೆ.

ಮೊದಲ ಚಳಿಗಾಲ ಗ್ಲಾಸ್‌ಫೈಬರ್. ಎಲ್ಲರೂ ಅದನ್ನೇ ಹೇಳಿದರು, ನಾನೂ ಅದನ್ನೇ ಮಾಡಿದೆ. ಅಚ್ಚು ಕೆತ್ತಿ, ಸಿಲಿಕೋನ್ ಸುರಿದು, ಒಳಗೆ ಗಾಜಿನ ನಾರಿನ ಬಟ್ಟೆ ಹಾಸಿ ರೆಸಿನ್ (ಒಣಗಿ ಗಟ್ಟಿಯಾಗುವ ಅಂಟುದ್ರವ) ಬಳಿದೆ. ಆದರೆ ಏಳು ಸೆಂಟಿಮೀಟರ್ ಅಗಲದ ಅಚ್ಚಿನೊಳಗೆ ಬ್ರಷ್ ಹೋದರೆ ಬೆರಳು ಹೋಗುವುದಿಲ್ಲ. ಮುಂಭಾಗ ಕತ್ತಿಯ ಅಲಗಿನ ಹಾಗೆ ಚೂಪು. ರೆಸಿನ್ ಎಲ್ಲ ಇಳಿದು ಅಲ್ಲಿ ನಿಂತಿತು. ಹೊರಗೆ ತೆಗೆದು ತೂಗಿದರೆ ಬರೀ ಒಡಲೇ 120 ಗ್ರಾಂ. ಅದರಲ್ಲಿ ಮೂವತ್ತು ಗ್ರಾಂ ಮೂಗಿನಲ್ಲೇ ಇತ್ತು. ನೀರಿಗೆ ಬಿಟ್ಟರೆ ಮೂಗು ಮುಳುಗಿಸಿಕೊಂಡು ನಿಂತಿತು. ಎರಡನೆಯದು 105 ಗ್ರಾಂ. ಮೂರನೆಯದು ತೆಳುವಾಯಿತು, ಆದರೆ ಅಚ್ಚಿನಿಂದ ತೆಗೆಯುವಾಗ ಪಕ್ಕ ಸೀಳಿತು. ಸಿಲಿಕೋನ್, ರೆಸಿನ್, ಬಟ್ಟೆ ಸೇರಿ ಇನ್ನೂರು ಯೂರೋ ಹತ್ತಿರ ಹೋಯಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ನಡುವೆ ಬಾಲ್ಸಾ ಎಂಬ ಹಗುರ ಮರದ ಪಟ್ಟಿ ಜೋಡಿಸಿಯೂ ನೋಡಿದೆ. ತೂಕ ಚೆನ್ನಾಗಿ ಬಂತು, ಐವತ್ತೈದು ಗ್ರಾಂ. ಆದರೆ ಅಂಚು ದಪ್ಪ. ಈ ದೋಣಿ ಅಸಲಿಯಲ್ಲಿ ಕೆಲವೇ ಮಿಲಿಮೀಟರ್ ದಪ್ಪದ ಉಕ್ಕಿನ ತಗಡಿನದು. ಎರಡು ಮಿಲಿಮೀಟರ್ ಮರದ ಅಂಚು ತೋರಿಸಿದರೆ ಮೀನುಗಾರರ ದೋಣಿಯ ಹಾಗೆ ಕಾಣುತ್ತದೆ. ಒಂದು ಬೇಸಿಗೆಯಲ್ಲಿ ನೀರು ಕುಡಿದು ಸೊಟ್ಟಗಾಯಿತು, ಅಲ್ಲಿಗೆ ಬಿಟ್ಟೆ.

ಆಮೇಲೆ ತ್ರೀಡಿ ಪ್ರಿಂಟ್. ನನ್ನ ಬಳಿ ಪ್ರಿಂಟರ್ ಇಲ್ಲ. ಆನ್‌ಲೈನ್‌ನಲ್ಲಿ ಒಬ್ಬರಿಗೆ ಫೈಲ್ ಕಳಿಸಿ ಮೂರು ತುಂಡಿನಲ್ಲಿ ಮಾಡಿಸಿದೆ. ತೊಂಬತ್ತು ಯೂರೋ. ತುಂಡುಗಳು ಒಂದಕ್ಕೊಂದು ಕೂರಲಿಲ್ಲ, ಒಂದು ತುದಿ ಮೇಲೆದ್ದಿತ್ತು. ಫೋಟೋ ಕಳಿಸಿ ಕೇಳಿದೆ, ಉತ್ತರವೇ ಬರಲಿಲ್ಲ. ಉಜ್ಜಿ, ಅಂಟಿಸಿ, ಪಟ್ಟಿ ಹಾಕಿ ಹೇಗೋ ಒಂದು ಒಡಲು ಮಾಡಿದೆ. ತೂಕ 160 ಗ್ರಾಂ. ಅಷ್ಟಾದರೂ ಓಡಿಸೋಣ ಎಂದು ಬಣ್ಣ ಬಳಿದೆ. ಜರ್ಮನ್ ಟಾರ್ಪೆಡೊ ದೋಣಿ ಎಂದರೆ ಬಣ್ಣ ಕಪ್ಪು, ರಾತ್ರಿ ಕಾಣಬಾರದಲ್ಲ. ಜುಲೈ ತಿಂಗಳ ಬಿಸಿಲಿನಲ್ಲಿ ಅರ್ಧ ಗಂಟೆ ಕೊಳದ ಕಟ್ಟೆಯ ಮೇಲೆ ಇಟ್ಟು ಸ್ನೇಹಿತರ ಜೊತೆ ಮಾತಾಡುತ್ತಾ ಕೂತಿದ್ದೆ. ತಿರುಗಿ ನೋಡಿದರೆ ನಡು ಬಗ್ಗಿಹೋಗಿದೆ. ಆ ಪ್ಲಾಸ್ಟಿಕ್ ಅರವತ್ತು ಡಿಗ್ರಿಗೆ ಮೆತ್ತಗಾಗುತ್ತದೆ, ಕಪ್ಪು ಬಣ್ಣ ಬಿಸಿಲಿನಲ್ಲಿ ಅಲ್ಲಿಗೆ ಸುಲಭವಾಗಿ ತಲುಪುತ್ತದೆ. ಅವತ್ತು ಹಿರಿಯರು ಬಂದು ಹೆಗಲ ಮೇಲೆ ಕೈ ಇಟ್ಟು, "1:50 ಮಾಡಿ. ನನ್ನ ಅಚ್ಚು ಕೊಡುತ್ತೇನೆ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ರಾತ್ರಿ ನಿದ್ದೆ ಬರಲಿಲ್ಲ.

ಕಾಗದದ ಯೋಚನೆ ಬಂದಿದ್ದು ಊರಿಗೆ ಹೋಗಿದ್ದಾಗ. ನಮ್ಮಜ್ಜಿ ಹಳೇ ಪೇಪರ್ ನೆನೆಹಾಕಿ, ಮೆಂತ್ಯ ಸೇರಿಸಿ ರುಬ್ಬಿ, ಅದನ್ನು ಮೊರಕ್ಕೆ ಬಳಿಯುತ್ತಿದ್ದರು. ಪಾತ್ರೆ ಬೋರಲು ಹಾಕಿ ಅದರ ಮೇಲೆ ಮೆತ್ತಿ ಬುಟ್ಟಿಯನ್ನೂ ಮಾಡುತ್ತಿದ್ದರು. ಅಂಥ ಒಂದು ಬುಟ್ಟಿ ಅಟ್ಟದ ಮೇಲೆ ಸಿಕ್ಕಿತು. ಮೂವತ್ತು ವರ್ಷ ಹಳೆಯದು. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ, ಒತ್ತಿದರೆ ಬಗ್ಗುವುದಿಲ್ಲ. ನಾನು ಅಚ್ಚಿನ ಒಳಗೆ ಬಳಿಯುತ್ತಿದ್ದೆ. ಅಜ್ಜಿ ಹೊರಗೆ ಮೆತ್ತುತ್ತಿದ್ದರು. ವ್ಯತ್ಯಾಸ ಇದ್ದಿದ್ದೇ ಅಲ್ಲಿ.

ವಾಪಸ್ ಬಂದು ಕ್ಲಬ್ಬಿನಲ್ಲಿ ಹೇಳಿದೆ. ಜರ್ಮನಿಯಲ್ಲಿ ಕಾಗದದ ಹಡಗು ಹೊಸದೇನಲ್ಲ. ವಿಲ್ಹೆಲ್ಮ್ಸ್‌ಹಾಫೆನ್‌ನಲ್ಲಿ ಕತ್ತರಿಸಿ ಅಂಟಿಸುವ 1:250ರ ಹಾಳೆಗಳು 1950ರ ದಶಕದಿಂದ ಬರುತ್ತಿವೆ. ಅವೆಲ್ಲ ಕಪಾಟಿನಲ್ಲಿಡುವ ಹಡಗುಗಳು. ನೀರಿಗೆ ಇಳಿಸುವುದು ಎಂದರೆ ಯಾರೂ ಒಪ್ಪಲಿಲ್ಲ. "ಹತ್ತು ನಿಮಿಷ ತೇಲುತ್ತದೆ, ಆಮೇಲೆ ಗಂಜಿ" ಎಂದರು ಒಬ್ಬರು.

ಮೊದಲ ಕಾಗದದ ಒಡಲಿಗೆ ಅವರ ಮಾತೇ ನಿಜವಾಯಿತು. ಆಫೀಸಿನ ಸಾಮಾನ್ಯ ಪ್ರಿಂಟ್ ಕಾಗದ, ನೀರು ಸ್ವಲ್ಪ ತಡೆಯುವ ಡಿ3 ದರ್ಜೆಯ ಮರದ ಅಂಟು, ಐದು ಪದರ, ಮೇಲೆ ವಾರ್ನಿಷ್. ಇಪ್ಪತ್ತು ನಿಮಿಷಕ್ಕೆ ಮೂವತ್ತು ಗ್ರಾಂ ನೀರು ಕುಡಿದಿತ್ತು. ಪ್ರೊಪೆಲ್ಲರ್ ಶಾಫ್ಟ್ ಹೊರಬರುವ ಜಾಗ ಮೆತ್ತಗಾಗಿ ಬೆರಳು ಒಳಗೆ ಹೋಯಿತು. ಎರಡನೆಯದಕ್ಕೆ ಅದೇ ಕಾಗದ, ಅಂಟಿನ ಬದಲು ಎಪಾಕ್ಸಿ. ಆಗ ಗೊತ್ತಾಯಿತು, ಪ್ರಿಂಟ್ ಕಾಗದ ಎಪಾಕ್ಸಿ ಕುಡಿಯುವುದೇ ಇಲ್ಲ. ಶಾಯಿ ಹರಡದಿರಲಿ ಎಂದು ಅದಕ್ಕೆ ಮೊದಲೇ ಮಸಾಲೆ ಹಾಕಿರುತ್ತಾರೆ. ರೆಸಿನ್ ಮೇಲೆಯೇ ನಿಂತು ಪದರಗಳು ಈರುಳ್ಳಿ ಸಿಪ್ಪೆಯ ಹಾಗೆ ಬಿಟ್ಟುಕೊಂಡವು. ಮೂರನೆಯದಕ್ಕೆ ಮೆಂತ್ಯವನ್ನೇ ರುಬ್ಬಿ ಪ್ರಯೋಗ ಮಾಡಿದೆ. ಒಣಗಿದಾಗ ಕಲ್ಲಿನ ಹಾಗಿತ್ತು. ಆದರೆ ಹ್ಯಾಂಬರ್ಗ್‌ನ ನವೆಂಬರ್‌ನಲ್ಲಿ ಒಣಗುವುದಕ್ಕೆ ಹನ್ನೊಂದು ದಿನ ಬೇಕಾಯಿತು, ಅಷ್ಟರಲ್ಲಿ ಒಳಗೆ ಬೂಷ್ಟು ಹಿಡಿದಿತ್ತು. ಮನೆಯಲ್ಲಿ ವಾಸನೆ ತಡೆಯಲಾಗದೆ ಬಿಸಾಡಿದೆ. ಮೆಂತ್ಯ ಬಿಸಿಲಿನ ಊರಿಗೆ ಸರಿ.

ಉತ್ತರ ಸಿಕ್ಕಿದ್ದು ಅಡುಗೆಮನೆಯಲ್ಲಿ. ಇಲ್ಲಿ ಕಾಫಿ ಸೋಸುವುದು ಕಾಗದದ ಫಿಲ್ಟರ್‌ನಲ್ಲಿ. ಒಂದು ದಿನ ಕೈತಪ್ಪಿ ಎಪಾಕ್ಸಿ ಹನಿ ಅದರ ಮೇಲೆ ಬಿತ್ತು. ಕಣ್ಣೆದುರಿಗೇ ಕಾಗದ ಅದನ್ನು ಹೀರಿ ಗಾಜಿನ ಹಾಗಾಯಿತು. ಸೋಸುವ ಕಾಗದ ಅಲ್ವಾ, ಹೀರುವುದೇ ಅದರ ಕೆಲಸ. ಒದ್ದೆಯಾದರೂ ಹರಿಯದಂತೆ ಮಾಡಿರುತ್ತಾರೆ. ನೂರು ಫಿಲ್ಟರ್‌ಗೆ ಎರಡು ಯೂರೋ. ಒಂದು ಒಡಲಿಗೆ ಇಪ್ಪತ್ತು ಫಿಲ್ಟರ್ ಸಾಕು.

ಕೆಲಸ ಹೀಗೆ. ಅಚ್ಚು ಲಿಂಡನ್ ಮರದ್ದು. ಮೊದಲು ನೀಲಿ ಫೋಮ್‌ನಲ್ಲಿ ಕೊರೆದಿದ್ದೆ, ಬೆರಳು ಒತ್ತಿದ ಕಡೆಯೆಲ್ಲ ಗುಳಿ ಬಿತ್ತು. ಫೋಮ್ ಬೇಡವೇ ಬೇಡ. ಅಚ್ಚನ್ನು ಬೋರಲು ಹಾಕಿ, ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಎಳೆಯಿರಿ. ಫಿಲ್ಟರ್ ಕಾಗದವನ್ನು ಎರಡು ಬೆರಳಗಲದ ಪಟ್ಟಿ ಮಾಡಿ. ಮೊದಲ ಪದರ ಅಡ್ಡಕ್ಕೆ, ಎರಡನೆಯದು ಓರೆಗೆ, ಮೂರನೆಯದು ಎದುರು ಓರೆಗೆ, ನಾಲ್ಕನೆಯದು ಮತ್ತೆ ಅಡ್ಡಕ್ಕೆ. ಎಪಾಕ್ಸಿ ತೆಳುವಾದದ್ದೇ ಇರಲಿ, ನಿಧಾನವಾಗಿ ಗಟ್ಟಿಯಾಗುವಂಥದ್ದು. ಬ್ರಷ್ ಬೇಡ, ಹಳೇ ಎಟಿಎಂ ಕಾರ್ಡಿನಲ್ಲಿ ಎಳೆದು ಎಳೆದು ಹೆಚ್ಚಿನದನ್ನು ತೆಗೆಯಿರಿ. ಕಾಗದ ಹೊಳೆಯಬಾರದು, ಒದ್ದೆ ಬಟ್ಟೆಯ ಹಾಗೆ ಮಂಕಾಗಿರಬೇಕು. ಹೊಳೆಯುತ್ತಿದೆ ಎಂದರೆ ನೀವು ತೂಕ ಸೇರಿಸುತ್ತಿದ್ದೀರಿ ಎಂದೇ ಅರ್ಥ. ನಾಲ್ಕೂ ಪದರ ಒಂದೇ ಸಂಜೆ ಮುಗಿಯಬೇಕು.

ಅಚ್ಚಿನಿಂದ ಒಡಲು ಬಿಡಿಸುವುದು ಎಲ್ಲರಿಗೂ ಕಷ್ಟವಾಗುವ ಜಾಗ. ಹಿಂಭಾಗ ಒಳಗೆ ತಿರುಗಿರುವುದರಿಂದ ಅಲ್ಲಿ ಕಚ್ಚಿಕೊಳ್ಳುತ್ತದೆ. ಅದಕ್ಕೆ ನಾನು ಅಚ್ಚನ್ನು ಒಂದು ವಿಶೇಷ ರೀತಿಯಲ್ಲಿ ಕತ್ತರಿಸಿದ್ದೇನೆ. ಅದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಶಾಫ್ಟ್ ಹೊರಬರುವ ಜಾಗಕ್ಕೆ ಎಪಾಕ್ಸಿಯಲ್ಲಿ ಏನು ಬೆರೆಸುತ್ತೇನೆ ಎಂಬುದೂ ಅಷ್ಟೇ. ಅದು ನಾಲ್ಕು ಒಡಲು ಹಾಳು ಮಾಡಿಕೊಂಡು ಕಲಿತದ್ದು.

ಕಾಗದದ ದೊಡ್ಡ ಲಾಭ ತೂಕ ಮಾತ್ರ ಅಂತ ಮೊದಲು ಅಂದುಕೊಂಡಿದ್ದೆ. ಆಮೇಲೆ ಕಂಡಿದ್ದು ಇನ್ನೊಂದು. ಅಸಲಿ ದೋಣಿಯ ಒಡಲು ಉಕ್ಕಿನ ತಗಡುಗಳನ್ನು ಒಂದರ ಅಂಚಿನ ಮೇಲೆ ಇನ್ನೊಂದು ಹತ್ತಿಸಿ ರಿವೆಟ್ ಹೊಡೆದದ್ದು. ನಾನು ಕೊನೆಯ ಪದರವನ್ನು ತೆಳು ಕಾಗದದಲ್ಲಿ, ಹಡಗುಕಟ್ಟೆಯ ನಕ್ಷೆಯಲ್ಲಿದ್ದ ತಗಡಿನ ಸಾಲುಗಳ ಹಾಗೆಯೇ ಕತ್ತರಿಸಿ, ಅಂಚಿನ ಮೇಲೆ ಅಂಚು ಹತ್ತಿಸಿ ಅಂಟಿಸಿದೆ. ಕಪ್ಪು ಬಣ್ಣ ಬಿದ್ದ ಮೇಲೆ ಬೆಳಕು ಓರೆಯಾಗಿ ಬಂದಾಗ ಒಂದೊಂದು ತಗಡಿನ ಗೆರೆಯೂ ಕಾಣುತ್ತದೆ. ಗ್ಲಾಸ್‌ಫೈಬರ್‌ನಲ್ಲಿ ಇದನ್ನು ತೋರಿಸಬೇಕಾದರೆ ತಿಂಗಳುಗಟ್ಟಲೆ ಕೆತ್ತಬೇಕು. ಇಲ್ಲಿ ಎರಡು ಸಂಜೆ ಸಾಕಾಯಿತು. ಹ್ಯಾಂಬರ್ಗ್‌ನ ಕಡಲ ಮ್ಯೂಸಿಯಂನಲ್ಲಿ ಗಾಜಿನೊಳಗಿರುವ ಮಾಡೆಲ್‌ಗಳ ಮುಂದೆ ಗಂಟೆಗಟ್ಟಲೆ ನಿಂತಿದ್ದೇನೆ. ಈ ಒಂದು ವಿಷಯದಲ್ಲಿ ನನ್ನ ದೋಣಿ ಅವುಗಳ ಪಕ್ಕ ನಿಲ್ಲುತ್ತದೆ ಎಂದು ಧೈರ್ಯವಾಗಿ ಹೇಳುತ್ತೇನೆ.

ಒಡಲಿನ ತೂಕ ಒಳಗಿನ ಅಡ್ಡ ಪಟ್ಟಿ ಸೇರಿ 52 ಗ್ರಾಂ. ತೂಕದ ಯಂತ್ರ ಸರಿ ಇಲ್ಲವೇನೋ ಎಂದು ಎರಡು ಸಲ ತೂಗಿದೆ.

ಡೆಕ್, ಆಮೆ ಬೆನ್ನು, ಬ್ರಿಡ್ಜ್ ಎಲ್ಲ ಕಾಗದವೇ. ಆಮೆ ಬೆನ್ನಿಗೆ ಬೇರೆ ಅಚ್ಚು ಬೇಕು. ಹೊಗೆಕೊಳವೆ ಎರಡು. ಮೊದಲು ಹಿತ್ತಾಳೆ ಕೊಳವೆಯಲ್ಲಿ ಮಾಡಿದ್ದೆ, ಒಂದೊಂದು ಒಂಬತ್ತು ಗ್ರಾಂ. ನೋಡಲು ಬಹಳ ಚೆನ್ನಾಗಿದ್ದವು. ನೀರಿಗೆ ಬಿಟ್ಟ ಕೂಡಲೇ ದೋಣಿ ಪಕ್ಕಕ್ಕೆ ಮಲಗಿತು. ಕಿತ್ತು ಕಾಗದದಲ್ಲಿ ಸುತ್ತಿದೆ, ಒಂದೊಂದು ಒಂದು ಗ್ರಾಂ ಕೂಡ ಇಲ್ಲ. ಸಪೂರ ದೋಣಿಯಲ್ಲಿ ಮೇಲಿನ ಒಂದು ಗ್ರಾಂ ತಳದ ಐದು ಗ್ರಾಂ ಸೀಸವನ್ನು ತಿಂದುಹಾಕುತ್ತದೆ.

ಒಳಗಿನದು ಹೀಗಿದೆ. 18650 ಎಂಬ ಅಳತೆಯ ಲಿಥಿಯಂ ಸೆಲ್ ಒಂದು, 46 ಗ್ರಾಂ, ತಳಕ್ಕೆ ಒತ್ತಿ ಮಲಗಿಸಿದ್ದು. ಮೋಟಾರು ಎರಡು, ಶಾಫ್ಟ್, ಕೊಳವೆ ಎಲ್ಲ ಸೇರಿ ನಲವತ್ತರ ಹತ್ತಿರ. ರಿಸೀವರ್, ಸ್ಪೀಡ್ ಕಂಟ್ರೋಲರ್, ಸಣ್ಣ ಸರ್ವೋ, ವೈರು ಸೇರಿ ಮೂವತ್ತು. ಡೆಕ್ ಮತ್ತು ಮೇಲಿನದೆಲ್ಲ ನಲವತ್ತು. ಒಟ್ಟು ಇನ್ನೂರ ಹತ್ತರ ಆಸುಪಾಸು ನಿಂತಿತು. ಅಂದರೆ ನಾನಿಟ್ಟುಕೊಂಡಿದ್ದ 380 ಗ್ರಾಂ ಗುರಿ ಮುಟ್ಟಲು ಇನ್ನೂ 170 ಗ್ರಾಂ ಬಾಕಿ! ಅಷ್ಟೂ ಸೀಸದ ಪಟ್ಟಿ, ತಳದಲ್ಲಿ. ಈ ಅಳತೆಯಲ್ಲಿ ಸೀಸ ಹಾಕಲು ಜಾಗವೇ ಇರಲ್ಲ ಅಂತ ಹೇಳಿದವರಿಗೆ ಆ ಪಟ್ಟಿಗಳನ್ನು ಕೈಯಲ್ಲಿ ಹಿಡಿದು ತೋರಿಸಿದೆ.

ಸೀಸ ಎಲ್ಲಿಡಬೇಕು ಎಂಬುದಕ್ಕೆ ಬಚ್ಚಲಿನ ಟಬ್‌ನಲ್ಲಿ ನಾಣ್ಯದ ಪರೀಕ್ಷೆ ಮಾಡಿ. ಒಂದು ಯೂರೋ ನಾಣ್ಯ ಏಳೂವರೆ ಗ್ರಾಂ. ಡೆಕ್‌ನ ನಡುಗೆರೆಯಿಂದ ಮೂರು ಸೆಂಟಿಮೀಟರ್ ಪಕ್ಕಕ್ಕೆ ಇಡಿ. ದೋಣಿ ಎಷ್ಟು ಡಿಗ್ರಿ ವಾಲಿತು ಎಂದು ನೋಡಿ. ನನ್ನದು ಈಗ ಐದೂವರೆ-ಆರು ಡಿಗ್ರಿ ವಾಲುತ್ತದೆ. ಹತ್ತಕ್ಕಿಂತ ಜಾಸ್ತಿ ವಾಲಿದರೆ ಕೊಳಕ್ಕೆ ಒಯ್ಯಬೇಡಿ. ದೋಣಿ ನೂರರಲ್ಲಿ ಒಂದಾದರೂ ಗಾಳಿ ನೂರರಲ್ಲಿ ಒಂದಾಗುವುದಿಲ್ಲ, ಅದು ಪೂರ್ತಿ ಗಾಳಿಯೇ.

ಮೋಟಾರಿನದು ದೊಡ್ಡ ಕಥೆ, ಚಿಕ್ಕದಾಗಿ ಹೇಳುತ್ತೇನೆ. 27 ನಾಟ್ ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಮಾಡೆಲ್‌ಗೆ ಅದನ್ನು ನೂರರ ವರ್ಗಮೂಲದಿಂದ ಭಾಗಿಸಬೇಕು, ಅಂದರೆ ಹತ್ತರಿಂದ. ಸೆಕೆಂಡಿಗೆ 1.4 ಮೀಟರ್ ಬಂತು. ಅಷ್ಟು ಓಡಿದರೆ ಅಲೆಯ ಆಕಾರವೂ ಅಸಲಿಯ ಹಾಗೆಯೇ ಏಳುತ್ತದೆ. ಮೊದಲ ಜೋಡಿ ಗೇರ್ ಮೋಟಾರು, ಹತ್ತು ಮೀಟರ್‌ಗೆ ಹನ್ನೆರಡು ಸೆಕೆಂಡು ತೆಗೆದುಕೊಂಡಿತು. ಎರಡನೇ ಜೋಡಿ ನೇರವಾಗಿ ಕೂಡಿಸಿದೆ, ಪ್ರೊಪೆಲ್ಲರ್ ನೀರನ್ನು ಕಡೆದು ನೊರೆ ಎಬ್ಬಿಸಿತೇ ಹೊರತು ದೋಣಿ ಹೋಗಲಿಲ್ಲ. ಅದರ ಮೇಲೆ ಇನ್ನೊಂದು ತಪ್ಪು ಮಾಡಿದ್ದೆ. ಎರಡೂ ಪ್ರೊಪೆಲ್ಲರ್ ಒಂದೇ ಕಡೆ ತಿರುಗುವಂಥವು, ಅಗ್ಗಕ್ಕೆ ಸಿಕ್ಕವು ಅಂತ ತಂದಿದ್ದೆ. ಅಗಲವಾದ ಹಡಗಿನಲ್ಲಿ ಗೊತ್ತಾಗುವುದಿಲ್ಲ. ಇದು ವೇಗ ಹಿಡಿದ ಕೂಡಲೇ ಎಡಕ್ಕೆ ವಾಲಿ ಡೆಕ್ ಮೇಲೆ ನೀರು ತಂದುಕೊಂಡಿತು. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ, ಎರಡೂ ಹೊರಮುಖವಾಗಿ ತಿರುಗುವ ಜೋಡಿ ಹಾಕಿದ ಮೇಲೆ ನೆಟ್ಟಗೆ ನಿಂತಿತು. ಮೂರನೇ ಜೋಡಿ ಮೋಟಾರಿಗೆ ಸರಿಹೋಯಿತು. ಮೋಟಾರು, ಪ್ರೊಪೆಲ್ಲರ್‌ಗೇ 180 ಯೂರೋ ಸುರಿದಿದ್ದೇನೆ, ಈಗ ಒಳಗಿರುವುದು 35 ಯೂರೋದ್ದು.

ವೇಗದಲ್ಲಿ ಹಿಂಭಾಗ ನೀರಿಗೆ ಕುಸಿಯುತ್ತದೆ. ಅಸಲಿ ದೋಣಿಗಳೂ ಹಾಗೇ ಓಡುತ್ತಿದ್ದವು, ಹಳೆಯ ಫೋಟೋಗಳಲ್ಲಿ ಕಾಣುತ್ತದೆ. ಆದರೆ ನನ್ನದು ಅತಿಯಾಗಿತ್ತು. ಸೆಲ್ಲನ್ನು ಎರಡು ಸೆಂಟಿಮೀಟರ್ ಮುಂದೆ ಸರಿಸಿದೆ, ಹದಕ್ಕೆ ಬಂತು.

ನಡುನಡುವೆ ದಾರಿ ತಪ್ಪಿದ್ದೂ ಇದೆ. ಜರ್ಮನ್ ಟಾರ್ಪೆಡೊ ದೋಣಿಗಳಲ್ಲಿ ಮುಂಭಾಗದ ತಳದಲ್ಲೂ ಒಂದು ಚುಕ್ಕಾಣಿ ಇಡುವ ಪದ್ಧತಿ ಇತ್ತು. ಅದನ್ನೂ ಓಡುವ ಹಾಗೆ ಮಾಡೋಣ ಎಂದು ಒಂದು ಹಳೇ ಒಡಲಿಗೆ ಕೂಡಿಸಿದೆ. ನಿಧಾನದಲ್ಲಿ ಬಹಳ ಚೆನ್ನಾಗಿ ತಿರುಗಿತು. ವೇಗದಲ್ಲಿ ಎತ್ತು ಏರಿಗೆ, ಕೋಣ ನೀರಿಗೆ. ಹಿಂದಿನದು ಒಂದು ಕಡೆ, ಮುಂದಿನದು ಒಂದು ಕಡೆ ಎಳೆದು ದೋಣಿ ಹಾವಿನ ಹಾಗೆ ಹರಿದಾಡಿತು. ಎರಡಕ್ಕೂ ಬೇರೆ ಬೇರೆ ಸರ್ವೋ ಇಟ್ಟು, ವೇಗ ಹೆಚ್ಚಾದಾಗ ಮುಂದಿನದು ನೆಟ್ಟಗೆ ನಿಲ್ಲುವಂತೆ ಮಾಡಿದರೆ ಆಗುತ್ತದೆ ಅನ್ನಿಸುತ್ತದೆ. ಇನ್ನೊಂದು ಚಳಿಗಾಲಕ್ಕೆ ಇರಲಿ.

ಟಾರ್ಪೆಡೊ ಹಾರಿಸುವ ಪ್ರಯೋಗವೂ ಆಯಿತು. 45 ಸೆಂಟಿಮೀಟರ್ ಎಂದರೆ ಇಲ್ಲಿ ನಾಲ್ಕೂವರೆ ಮಿಲಿಮೀಟರ್. ಬಾಲ್‌ಪೆನ್ನಿನ ಸ್ಪ್ರಿಂಗ್, ಹಿತ್ತಾಳೆ ಕೊಳವೆ, ಐದು ಸೆಂಟಿಮೀಟರ್‌ನ ಮರದ ಕಡ್ಡಿ. ಕಡ್ಡಿ ಒಂದೂವರೆ ಮೀಟರ್ ಹೋಗಿ ತೇಲಿತು. ಆದರೆ ಆ ಏರ್ಪಾಡಿಗೆ ಡೆಕ್ ಮೇಲೆ ಹದಿನಾಲ್ಕು ಗ್ರಾಂ ಬೇಕಾಯಿತು. ಅಷ್ಟು ಮೇಲೆ ಅಷ್ಟು ತೂಕ ಕೊಡಲು ಮನಸ್ಸು ಬರಲಿಲ್ಲ, ತೆಗೆದೆ. ಈಗಿರುವ ಮೂರೂ ಕೊಳವೆ ಕಾಗದದವು, ಕೈಯಲ್ಲಿ ತಿರುಗಿಸಬಹುದು.

ದುಡ್ಡಿನ ಲೆಕ್ಕ ಕೇಳುವವರಿಗೆ: ಮೂರು ವರ್ಷದಲ್ಲಿ ಒಟ್ಟು ಸಾವಿರ ಯೂರೋ ಹತ್ತಿರ ಹೋಗಿದೆ. ಈಗ ಗೊತ್ತಿರುವುದು ಆಗಲೇ ಗೊತ್ತಿದ್ದರೆ, ರಿಮೋಟ್ ಬಿಟ್ಟು, ಈ ದೋಣಿ ನೂರೈವತ್ತರೊಳಗೆ ಆಗುತ್ತಿತ್ತು. ಒಡಲಿನ ಖರ್ಚು ಎಪಾಕ್ಸಿ ಸೇರಿ ಹದಿನೈದು ಯೂರೋ ದಾಟಲ್ಲ. ಎಪಾಕ್ಸಿಗೆ ಕೈಗವಸು, ಮುಖಕ್ಕೆ ಮಾಸ್ಕ್, ಕಿಟಕಿ ತೆರೆದಿರಲಿ. ಒಂದು ಚಳಿಗಾಲ ಕೈಗವಸು ಹಾಕದೆ ಕೆಲಸ ಮಾಡಿ ಬೆರಳ ಸಂದಿಯಲ್ಲಿ ಗುಳ್ಳೆ ಎದ್ದು ಎರಡು ತಿಂಗಳು ಕಾಡಿದೆ.

ನೀರಿನಲ್ಲಿ ಎಷ್ಟು ಹೊತ್ತು ತಡೆಯುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಒಂದು ಶನಿವಾರ ಬೆಳಿಗ್ಗೆ ಟಬ್‌ನಲ್ಲಿ ಬಿಟ್ಟು ಭಾನುವಾರ ಬೆಳಿಗ್ಗೆ ತೆಗೆದು ಒರೆಸಿ ತೂಗಿದೆ. ಒಂದು ಗ್ರಾಂಗಿಂತ ಕಡಿಮೆ ಏರಿತ್ತು. ಎರಡು ಬೇಸಿಗೆ ಓಡಿಸಿದ್ದೇನೆ. ಒಮ್ಮೆ ಬಾತುಕೋಳಿಗೆ ಡಿಕ್ಕಿ ತಪ್ಪಿಸಲು ಹೋಗಿ ಕಲ್ಲಿನ ಕಟ್ಟೆಗೆ ಮೂಗು ಹೊಡೆಸಿದೆ. ಮೂಗಿನ ತುದಿ ಮೂರು ಮಿಲಿಮೀಟರ್ ಮಡಚಿತು, ಒಡೆಯಲಿಲ್ಲ. ಮನೆಗೆ ಬಂದು ಒಂದು ತುಂಡು ಫಿಲ್ಟರ್, ಎರಡು ಹನಿ ಎಪಾಕ್ಸಿ, ಸ್ವಲ್ಪ ಉಪ್ಪು ಕಾಗದ. ಈಗ ಎಲ್ಲಿ ಪೆಟ್ಟಾಗಿತ್ತು ಅಂತ ನನಗೇ ಹುಡುಕಬೇಕು.

ಆ ಸೆಪ್ಟೆಂಬರ್ ಭಾನುವಾರ ಎರಡನೇ ಓಟ ಮುಗಿದ ಮೇಲೆ ಹಿರಿಯರು ದೋಣಿಯನ್ನು ಎರಡೂ ಕೈಯಲ್ಲಿ ಎತ್ತಿದರು. ತಗಡಿನ ಗೆರೆಗಳ ಮೇಲೆ ಹೆಬ್ಬೆರಳು ಆಡಿಸಿದರು. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಯಾವ ಸೈಜಿನ ಫಿಲ್ಟರ್?" ಎಂದು ಕೇಳಿದರು. ನಾಲ್ಕನೇ ನಂಬರಿನದು ಎಂದೆ. ಹೋದ ವಾರ ಅವರು ಫೋನ್ ಮಾಡಿದ್ದರು. ಅವರ ಮೊದಲ ಒಡಲು ಅಚ್ಚಿಗೆ ಕಚ್ಚಿಕೊಂಡಿದೆಯಂತೆ. ಹಿಂಭಾಗದಲ್ಲೇ. ಬರುವ ಶನಿವಾರ ಅವರ ಮನೆಗೆ ಹೋಗುತ್ತಿದ್ದೇನೆ, ಗರಗಸ ತಗೊಂಡು.